ಹಾಡಿಲ್ಲದ ಆಲ್ಬಮ್

ಉಣಕಲ್ಲಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡವನಿಗೆ ದಿನಕ್ಕೊಂದಾದರೂ ನಗುವ ಪ್ರಸಂಗ ಬಂದೇ ಬರುತ್ತದೆ. ಆದರೆ ಮೈಕು ಬಂದ್ ಆಗುವವರೆಗೆ ನಗುವ ಹಾಗಿಲ್ಲ, ಅದೊಂದೇ ಕಷ್ಟ. ಭಜನಿ ಮಂಡಳಿಯವರು, ಜಾನಪದ ಹಾಡಿನವರು, ದುರ್ಗದಬೈಲಿನ ಸೀರೆ ಅಂಗಡಿಗಳ ಜಾಹೀರಾತಿನವರು, ಇವರೇ ನನ್ನ ಗಿರಾಕಿಗಳು. ಹೋದ ವರ್ಷ ಇಬ್ಬರು ಹೆಣ್ಣುಮಕ್ಕಳು ಬಂದರು. ಒಬ್ಬಾಕೆ ರಾಯಾಪುರದ ಕಡೆಯ ಕಾರ್ಖಾನೆಯಲ್ಲಿ ಎಂಜಿನಿಯರ್, ಇನ್ನೊಬ್ಬಾಕೆ ಧಾರವಾಡದಲ್ಲಿ ಗಣಿತದ ಟೀಚರ್.

“ಅಣ್ಣಾರ, ನಾವಿಬ್ಬರೂ ಎಲೆಕ್ಟ್ರಾನಿಕ್ ಸಂಗೀತ ಮಾಡ್ತೀವ್ರಿ. ಒಂದು ಆಲ್ಬಮ್ ತರೋದೈತಿ” ಎಂದರು.

“ಹಾಡೋರು ಯಾರು?” ಎಂದೆ.

“ಯಾರೂ ಇಲ್ರಿ.”

ಎರಡು ವರ್ಷದಿಂದ ರಜೆಯ ದಿನಗಳನ್ನೆಲ್ಲ ಇದಕ್ಕೇ ಸುರಿದಿದ್ದರಂತೆ. ಹಾಡುವವರೇ ಇಲ್ಲದ ಗಿರಾಕಿಗಳು ನನಗೆ ಅದೇ ಮೊದಲು. ಯಾರೂ ಅಪಸ್ವರ ಹಾಡುವುದಿಲ್ಲವಲ್ಲ ಎಂದು ಖುಷಿಯಿಂದಲೇ ಒಪ್ಪಿಕೊಂಡೆ.

ತಬಲಾ ಮಾಸ್ತರರು

ನನ್ನ ಸ್ಟುಡಿಯೋಕ್ಕೆ ಖಾಯಂ ತಬಲಾ ಬಾರಿಸುವವರೊಬ್ಬರು ಇದ್ದಾರೆ. ಆಲ್ಬಮ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಯಾರೂ ಕರೆಯದಿದ್ದರೂ ಮುಂಜಾನೆ ಒಂಬತ್ತಕ್ಕೆ ಬಂದು, ತಬಲಾ ಶ್ರುತಿ ಮಾಡಿಕೊಂಡು, ಕೈಗೆ ಪೌಡರ್ ಹಚ್ಚಿಕೊಂಡು ಕುಳಿತರು. ಆ ಇಬ್ಬರು ಎರಡು ಲ್ಯಾಪ್‌ಟಾಪು ತೆರೆದು, ಒಂದು ಬುಟ್ಟಿ ವೈರು ಹರವಿ, ತಮ್ಮ ಪಾಡಿಗೆ ತಾವು ಕೆಲಸಕ್ಕೆ ಹತ್ತಿದರು. ಹನ್ನೊಂದಾಯಿತು, ಹನ್ನೆರಡಾಯಿತು. ಮಾಸ್ತರರ ಕೈ ಕಡಿಯತೊಡಗಿತು.

“ನಾ ಯಾವಾಗ ಶುರು ಹಚ್ಕೊಳ್ಳಲಿ, ತಂಗಿ?”

ಟೀಚರ್ ಭಾಳ ಸಂಕೋಚದಿಂದ, “ತಬಲಾ ಇದರಾಗ ಐತ್ರಿ, ಸರ್ರ” ಎಂದು ಲ್ಯಾಪ್‌ಟಾಪು ತೋರಿಸಿದಳು.

ಮಾಸ್ತರರು ಎದ್ದು ಬಂದು ಅದನ್ನು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. ಶ್ರುತಿ ಏರಿಸುವ ಸಣ್ಣ ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು.

“ಹೌದಾ? ಶ್ರುತಿ ಇಳಿದ್ರ ಇದಕ್ಕ ಎಲ್ಲಿ ಬಡೀತೀರಿ?”

ಟೀಚರ್ ಲ್ಯಾಪ್‌ಟಾಪನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡವಳು ಸಂಜೆಯವರೆಗೂ ಕೆಳಗೆ ಇಡಲಿಲ್ಲ.

ಮೇಲಿನ ಮನೆಯ ಬಾಯಾರು

ಈ ಸಂಗೀತಕ್ಕೆ ಒಂದು ತಳದ ಸಪ್ಪಳ ಇರುತ್ತದೆ. ಕಿವಿಗೆ ಅಷ್ಟು ಕೇಳುವುದಿಲ್ಲ, ನೆಲಕ್ಕೆ ಮತ್ತು ಗೋಡೆಗೆ ಕೇಳುತ್ತದೆ. ನನ್ನ ಸ್ಟುಡಿಯೋದ ಮೇಲೆಯೇ ಮನೆಯ ಒಡತಿ ಬಾಯಾರು ಇರುತ್ತಾರೆ, ಒಬ್ಬರೇ. ಮೊದಲ ವಾರ ಅವರು ನೀರಿನ ಮೋಟರ್ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿದರು. ಅವನು ಮೋಟರ್ ಬಿಚ್ಚಿ, ನೋಡಿ, ಜೋಡಿಸಿ ಹೋದ. ಆಮೇಲೆ ಎರಡು ವಾರ ಬಾಯಾರ ದನಿಯೇ ಇಲ್ಲ. ನಮ್ಮ ಕೆಲಸಕ್ಕೆ ಹೊಂದಿಕೊಂಡರು, ದೊಡ್ಡ ಮನಸ್ಸಿನವರು ಎಂದುಕೊಂಡೆವು.

ಒಂದು ದಿನ ಮಧ್ಯಾಹ್ನ ಅವರು ಕೆಳಗೆ ಇಳಿದು ಬಂದರು. ಮಾರಿ ಬಾಡಿತ್ತು. ಅದೇ ಹೊತ್ತಿಗೆ ಎಂಜಿನಿಯರ್ ತಳದ ಸಪ್ಪಳ ಏರಿಸಿದಳು. ಬಾಯಾರು ಎದೆಯ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತರು.

“ನೋಡ್ರಿ, ಮತ್ತ ಶುರು ಆತು. ಢಬ್ ಢಬ್ ಅಂತೈತಿ!”

ಎಂಜಿನಿಯರ್ ಗಾಬರಿಯಾಗಿ ಗುಂಡಿ ತಿರುವಿದಳು. ಬಾಯಾರು ಕಣ್ಣರಳಿಸಿ, “ನಿಂತತಿ!” ಎಂದರು. ಮತ್ತೆ ತಿರುವಿದಳು. “ಬಂತು!” ಎಂದರು. ಹೀಗೆ ಮೂರು ಸಲ ಆದ ಮೇಲೆ ಬಾಯಾರಿಗೆ ಗುಟ್ಟು ಹೊಳೆಯಿತು.

“ಅಯ್ಯ, ಇದು ನಿಮ್ದಾ? ಮೊದಲ ಹೇಳಬಾರದೇನ್ರಿ? ಎದೀಗೆ ಏನೋ ಆಗೈತಿ ಅಂತ ಹದಿನೈದು ದಿನದಿಂದ ಉಪ್ಪು ಬಿಟ್ಟೇನಲ್ಲ ನಾನು!”

ಆ ಸಂಜೆ ನಮಗೆಲ್ಲ ಮಿರ್ಚಿ ಭಜಿ ಬಂತು. ಹದಿನೈದು ದಿನದ ಉಪ್ಪು ಅದರಲ್ಲೇ ಇತ್ತು.

ಅಪ್ಪನ ಅಭಿಪ್ರಾಯ

ಟೀಚರ್‌ಳ ತಂದೆ ಹತ್ತಿ ವ್ಯಾಪಾರಸ್ಥರು. ಬೀಜದಿಂದ ಹತ್ತಿ ಬೇರ್ಪಡಿಸುವ ಸ್ವಂತ ಜಿನ್ನಿಂಗ್ ಫ್ಯಾಕ್ಟರಿ ಇದೆ. ಮಗಳು ರಜೆಯ ದಿನವೆಲ್ಲ ವೈರಿನ ನಡುವೆ ಏನು ಮಾಡುತ್ತಾಳೆಂದು ಅವರಿಗೆ ತಿಳಿದಿರಲಿಲ್ಲ. ಕೇಳಿದರೆ ಏನೆನ್ನುತ್ತಾರೋ ಎಂಬ ಹೆದರಿಕೆಗೆ ಆಕೆಯೂ ಹೇಳಿರಲಿಲ್ಲ. ಕಡೆಗೆ ಧೈರ್ಯ ಮಾಡಿ ಒಂದು ದಿನ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದಳು.

ಮೊದಲ ಎರಡು ತುಣುಕು ಅವರು ಪಂಚಾಯಿತಿಯಲ್ಲಿ ಕುಳಿತವರ ಹಾಗೆ ಕೇಳಿದರು. ಮೂರನೆಯದು ಶುರುವಾದದ್ದೇ ಬೆನ್ನು ನೆಟ್ಟಗಾಯಿತು. ಕಣ್ಣು ಮುಚ್ಚಿ, ಕತ್ತು ಎಡಕ್ಕೆ ವಾಲಿಸಿದರು. ಮಗಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಇದು ಎಲ್ಲಿ ಸಪ್ಪಳ?” ಎಂದರು.

“ನಮ್ಮ ಫ್ಯಾಕ್ಟರೀದ, ಅಪ್ಪಾ. ಹೋದ ವಾರ ಮೊಬೈಲ್‌ನ್ಯಾಗ ಹಿಡಕೊಂಡು ಬಂದಿದ್ದೆ. ಹ್ಯಾಂಗೈತಿ?”

ಅಪ್ಪ ಹೆಡ್‌ಫೋನ್ ಕಿತ್ತಿಟ್ಟು ಫ್ಯಾಕ್ಟರಿಗೆ ಫೋನ್ ಹಚ್ಚಿದರು. “ಏ, ಎರಡನೇ ಮಷೀನ್ ಲಗೂ ಬಂದ್ ಮಾಡ್ರಿ! ಎಡಗಡೆ ಬೇರಿಂಗ್ ಹೊಂಟೈತಿ!”

ಬಿಚ್ಚಿ ನೋಡಿದರೆ ಖರೇನೇ ಹೋಗಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಇಡೀ ಮಷೀನು ಕೂತುಬಿಡುತ್ತಿತ್ತಂತೆ. ಅಂದಿನಿಂದ ಅವರು ಕಂಡಕಂಡವರಿಗೆ, “ನನ್ನ ಮಗಳ ಸಂಗೀತ ಭಾಳ ಉಪಯೋಗ ಐತ್ರಿ” ಎಂದು ಹೇಳಿಕೊಂಡು ಅಡ್ಡಾಡಿದರು.

ಮಗಳು ಮಾತ್ರ ಮರುದಿನ ಸಪ್ಪೆ ಮೋರೆ ಹಾಕಿಕೊಂಡು ಬಂದಳು. “ಅಣ್ಣಾರ, ಆ ಸಪ್ಪಳ ಇನ್ನೊಮ್ಮೆ ಛಲೋ ಮೈಕಿನ್ಯಾಗ ಹಿಡೀಬೇಕಂತ ಮಾಡಿದ್ದೆ. ಅಪ್ಪ ರಿಪೇರಿ ಮಾಡ್ಸಿ ಕೆಡಿಸಿಬಿಟ್ಟರು.”

ಬಿಡುಗಡೆ

ಆಲ್ಬಮ್ ಬಿಡುಗಡೆ ಧಾರವಾಡದ ಒಂದು ಸಣ್ಣ ಸಭಾಗೃಹದಲ್ಲಿ, ರವಿವಾರ ಮುಂಜಾನೆ. ಧಾರವಾಡದಲ್ಲಿ ಸಂಗೀತ ಎಂದರೆ ಸಾಕು, ಯಾವ ಸಂಗೀತ ಎಂದು ಕೇಳದೆ ಬರುವ ಹಿರಿಯರು ಮೂವತ್ತು ಮಂದಿಯಾದರೂ ಇದ್ದಾರೆ. ಅವರೆಲ್ಲ ಬಂದರು. ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ, ಶಾಲು ಹೊದ್ದ ಒಬ್ಬ ರಸಿಕರು ಕುಳಿತರು. ದೊಡ್ಡ ದೊಡ್ಡ ಗವಾಯಿಗಳನ್ನು ಕೇಳಿ ಪಳಗಿದ ಕಿವಿ. ಅವರು ಸಣ್ಣಗೆ ಮುಖ ಸಿಂಡರಿಸಿದರೆ ಹಾಡುವವರ ದನಿ ನಡುಗುತ್ತದೆ ಎಂದು ಪ್ರತೀತಿ. ಅವರನ್ನು ಕಂಡೇ ಟೀಚರ್ ಎಂಜಿನಿಯರ್‌ಳ ಹಿಂದೆ ಸರಿದಳು.

ಎಂಜಿನಿಯರ್ ಗುಂಡಿ ಒತ್ತಿದಳು. ‘ಊಂ’ ಎಂದು ಒಂದು ಸ್ವರ ಬಂತು. ಅಷ್ಟೇ. ಲ್ಯಾಪ್‌ಟಾಪು ಅಲ್ಲೇ ಹಿಡಿದು ನಿಂತುಬಿಟ್ಟಿತು. ಸ್ವರ ಮುಂದೆ ಹೋಗಲೊಲ್ಲದು, ನಿಲ್ಲಲೂ ಒಲ್ಲದು. ಟೀಚರ್ ಕಂಡಕಂಡ ಗುಂಡಿಯನ್ನೆಲ್ಲ ಒತ್ತಿದಳು. ಎಂಜಿನಿಯರ್ ಟೇಬಲ್ಲಿನ ಕೆಳಗೆ ಹೊಕ್ಕಳು. ಎರಡು ವರ್ಷದ ಶ್ರಮ ‘ಊಂ’ ಎನ್ನುತ್ತಲೇ ಇತ್ತು. ನನಗೆ ಎದ್ದು ಓಡಿಹೋಗೋಣ ಎನ್ನಿಸಿತು.

ಪಕ್ಕಕ್ಕೆ ನೋಡಿದರೆ ರಸಿಕರು ಕಣ್ಣು ಮುಚ್ಚಿದ್ದಾರೆ. “ಆಹಾ” ಎಂದರು ಮೆಲ್ಲಗೆ. “ಏನು ಷಡ್ಜ! ಏನು ತಾಳ್ಮಿ! ಈಗಿನ ಹುಡುಗರಿಗೆ ಎಲ್ಲಿ ಬರ್ತೈತ್ರಿ ಇದು?” ಅವರ ತಲೆ ತೂಗಿದ್ದು ಕಂಡು ಹಿಂದಿನ ಮೂವತ್ತು ತಲೆಗಳೂ ತೂಗತೊಡಗಿದವು. ಎಂಟು ನಿಮಿಷ ಸಭೆ ಹಾಗೇ ತೂಗಿತು.

ಒಂಬತ್ತನೆಯ ನಿಮಿಷಕ್ಕೆ ಎಂಜಿನಿಯರ್‌ಳ ಕೈಗೆ ಸರಿಯಾದ ವೈರು ಸಿಕ್ಕಿತು. ಲ್ಯಾಪ್‌ಟಾಪು ಎಚ್ಚೆತ್ತು, ಆಲ್ಬಮ್ಮಿನ ಮೊದಲ ತುಣುಕು ಪೂರ್ತಿ ಜೋರಿನಲ್ಲಿ ಧಡಧಡನೆ ಶುರುವಾಯಿತು. ಇಬ್ಬರ ಮುಖದಲ್ಲೂ ಜೀವ ಬಂತು. ರಸಿಕರು ಮಾತ್ರ ಬೆಚ್ಚಿಬಿದ್ದು ಕಣ್ಣು ತೆರೆದು ನನ್ನ ರಟ್ಟೆ ಹಿಡಿದರು.

“ಏನಾತ್ರೀ? ಮಷೀನ್ ಕೆಟ್ಟತೇನು?”

“ಇಲ್ರಿ, ಇಷ್ಟೊತ್ತು ಕೆಟ್ಟಿತ್ತು. ಈಗ ರಿಪೇರಿ ಆತ್ರಿ.”

ಅವರು ಶಾಲು ಕೊಡವಿಕೊಂಡು ಎದ್ದು ನಿಂತರು.

“ಛಲೋ ಹೊಂಟಿತ್ತಲ್ಲ! ಯಾರ್ರಿ ಅದನ್ನ ಮುಟ್ಟಿದವರು?”