ನಜೀರ್ ಸಾಹೇಬರ ಶಾಲೂ ನಾನು ಹುಟ್ಟಿದ ವರ್ಷವೂ

ನಾನು ಅಸೂಯೆಯ ಮನುಷ್ಯನಲ್ಲ. ಈ ಸಂಗತಿಯನ್ನು ಮೊದಲ ಸಾಲಿನಲ್ಲೇ ದಾಖಲಿಸಿಬಿಡುತ್ತೇನೆ, ಏಕೆಂದರೆ ಮುಂದೆ ಓದಿದವರು ನಂಬುವುದಿಲ್ಲ.

ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನೆಂಟು ವರ್ಷ ಕೂತು, ಹೆಂಡತಿ ಪದ್ಮಾಳ ಆಸ್ಪತ್ರೆ ಕೆಲಸದ ಹಿಂದೆ ಈ ದೇಶಕ್ಕೆ ಬಂದವನು ನಾನು. ಈಗ ಇಬ್ಬರೂ ನಿವೃತ್ತರು. ಎವರ್‌ಗ್ರೀನ್ ಎಂಬ ಬಡಾವಣೆಯ ಗುಡ್ಡದ ಬುಡದಲ್ಲಿ ಸ್ವಂತ ಮನೆ. ಡೆಸ್ಕು ಬಿಟ್ಟರೂ ಡೆಸ್ಕಿನ ಶಿಸ್ತು ಬಿಟ್ಟಿಲ್ಲ. ಯಾವ ಸುದ್ದಿಯನ್ನೂ ಇಬ್ಬರನ್ನು ಕೇಳದೆ ನಂಬುವುದಿಲ್ಲ. ಯಾವ ಕಾಗದವನ್ನೂ ಫೈಲಿಗೆ ಹಾಕದೆ ಮಲಗುವುದಿಲ್ಲ.

ಪಕ್ಕದ ಮನೆಯಲ್ಲಿ ನಜೀರ್ ಅಹ್ಮದ್ ಸಾಹೇಬರಿದ್ದಾರೆ. ಮೈಸೂರಿನವರು. ಇಲ್ಲೇ ಹತ್ತಿರದಲ್ಲಿ ಪಾರ್ಸೆಲ್ಲು, ಜೆರಾಕ್ಸು, ನೋಟರಿ ಮೂರನ್ನೂ ನೋಡಿಕೊಳ್ಳುವ ಪುಟ್ಟ ಅಂಗಡಿ. ಅವರ ನಿಂಬೆ ಗಿಡ ಕಾಯಿ ಬಿಡುತ್ತದೆ, ನಮ್ಮದು ಎಲೆ ಬಿಡುತ್ತದೆ. ಅದಕ್ಕೂ ನಾನು ಅಸೂಯೆಪಟ್ಟವನಲ್ಲ. ಹೆಚ್ಚಾಗಿ.

ಕಳೆದ ರಾಜ್ಯೋತ್ಸವದ ದಿನ ನಮ್ಮ ಕನ್ನಡ ಬಳಗ ಅವರಿಗೆ ಸನ್ಮಾನ ಮಾಡಿತು. ಕಾರಣ ಇದು: ತನ್ನ ಮನೆಯಲ್ಲಿ ತಾನೇ ವಾಸ ಮಾಡುವವರಿಗೆ ಇಲ್ಲಿ ಮನೆ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಉಂಟು. ಸಾಹೇಬರು ಓಕ್ಲ್ಯಾಂಡಿನ ಹಳೆಯ ಮನೆಯನ್ನು ಬಾಡಿಗೆಗೆ ಕೊಟ್ಟು ಇಲ್ಲಿಗೆ ಬಂದ ಮೇಲೂ ಆ ಮನೆಯ ರಿಯಾಯಿತಿ ಹಾಗೇ ನಡೆದುಕೊಂಡು ಬಂದಿತ್ತು. ಅಷ್ಟನ್ನೂ ತಾವಾಗಿಯೇ ದಂಡ ಸಮೇತ ವಾಪಸು ಕಟ್ಟಿದರಂತೆ! ವೇದಿಕೆಯ ಮೇಲೆ ಅವರಿಗೆ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ಅವರ ತಲೆಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ನಡುವೆ ಅವರು ಮೈಕಿನಲ್ಲಿ ಏನೋ ಹೇಳಲು ಹೋದರು, ಮೈಕು ಕೀರಲಿಟ್ಟಿತು, ಜನ ಚಪ್ಪಾಳೆ ತಟ್ಟಿದರು.

ನನ್ನ ಪಕ್ಕದಲ್ಲಿ ಪದ್ಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡ್ರೀ, ಮನುಷ್ಯ ಅಂದ್ರೆ ನಜೀರಣ್ಣನ ಥರ ಇರಬೇಕು."

ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು. ನನ್ನನ್ನು ನೋಡಿ ಅವಳು ಕಣ್ಣೊರೆಸಿಕೊಂಡಿದ್ದು ಈರುಳ್ಳಿ ಹೆಚ್ಚುವಾಗ ಮಾತ್ರ!

ಬಳಗದ ಪತ್ರಿಕೆಗೆ ವರದಿ ಬರೆಯುವ ಕೆಲಸ ನನ್ನದೇ. ಇಪ್ಪತ್ತು ಸಾಲು ಬರೆದೆ, ಓದಿದೆ, ನಾಲ್ಕು ಸಾಲಿಗೆ ಇಳಿಸಿದೆ. ಉಳಿದ ಜಾಗಕ್ಕೆ ಹೀರೇಕಾಯಿ ಸಿಪ್ಪೆ ಚಟ್ನಿ ಮಾಡುವ ವಿಧಾನವನ್ನು ಶಿಫಾರಸು ಮಾಡಿದೆ. ಪುಟ ಜೋಡಿಸುವ ಹುಡುಗ, ಬಳಗದ ಕಾರ್ಯದರ್ಶಿ ಗಿರೀಶ, ತಲೆ ಕೆರೆದುಕೊಂಡ.

"ಅಂಕಲ್, ಇಷ್ಟೇನಾ?"

"ಗಿರೀಶ, ಒಂದು ಪಾಠ ಕಲಿ. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲಿರುತ್ತೆ. ಜಾಗ ಸಾಲದಿದ್ದರೆ ಕಣ್ಣು ಮುಚ್ಚಿಕೊಂಡು ಕೆಳಗಿನಿಂದ ಕತ್ತರಿಸು."

ಅವನು ಭಕ್ತಿಯಿಂದ ಫೋನಿನಲ್ಲಿ ಬರೆದುಕೊಂಡ. ಈ ವಾಕ್ಯವನ್ನು ಓದುಗರೂ ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ.

ಮರುದಿನ ಪದ್ಮಾ ನಜೀರ್ ಸಾಹೇಬರ ಮನೆಗೆ ಹೋಳಿಗೆ ಕಳಿಸಿದಳು. ನನಗೆ ಉಳಿದದ್ದು ಅರ್ಧ. ಆ ಅರ್ಧ ಹೋಳಿಗೆಯನ್ನು ಅಗಿಯುತ್ತಲೇ ಒಂದು ನಿರ್ಣಯಕ್ಕೆ ಬಂದೆ: ನಾನೂ ಸರ್ಕಾರಕ್ಕೆ ಏನಾದರೂ ವಾಪಸು ಕೊಡಬೇಕು. ಕೊಟ್ಟು, ಇದೇ ಹೆಂಗಸು ಇದೇ ಸೆರಗಿನಿಂದ ನನಗಾಗಿ ಕಣ್ಣೊರೆಸಿಕೊಳ್ಳುವ ಹಾಗೆ ಮಾಡಬೇಕು.

ಫೈಲುಗಳನ್ನು ಹರಡಿ ಕೂತೆ. ಮೂರು ದಿನ ಹುಡುಕಿದೆ. ಒಂದು ತಪ್ಪೂ ಇಲ್ಲ! ಎಲ್ಲ ತೆರಿಗೆ ಸಮಯಕ್ಕೆ ಸರಿಯಾಗಿ ಕಟ್ಟಿದೆ, ಎಲ್ಲ ರಸೀದಿಗೂ ಪಿನ್ನು ಹೊಡೆದಿದೆ. ನನ್ನ ಶಿಸ್ತಿನ ಮೇಲೆ ನನಗೇ ಸಿಟ್ಟು ಬಂತು.

ನಾಲ್ಕನೇ ದಿನ ಸಿಕ್ಕಿತು. ಇಲ್ಲಿ ಮನೆ ತೆರಿಗೆಯ ಜೊತೆಗೆ ಶಾಲೆಗಳಿಗೆಂದು ಒಂದು ಸಣ್ಣ ತೆರಿಗೆ ಬರುತ್ತದೆ. ಅರವತ್ತೈದು ತುಂಬಿದವರು ಅರ್ಜಿ ಹಾಕಿದರೆ ಅದು ಮಾಫಿ. ಹೋದ ವರ್ಷ ಅರ್ಜಿ ಹಾಕಿದ್ದೆ, ಮಾಫಿಯೂ ಆಗಿತ್ತು. ಆದರೆ ಅರ್ಜಿಯಲ್ಲಿದ್ದದ್ದು ಪಾಸ್‌ಪೋರ್ಟಿನ ವಯಸ್ಸು. ಪಾಸ್‌ಪೋರ್ಟಿಗೆ ಬಂದದ್ದು ಶಾಲೆಯ ರಿಜಿಸ್ಟರಿನಿಂದ. ರಿಜಿಸ್ಟರಿಗೆ ಬಂದದ್ದು ಹೆಡ್‌ಮಾಸ್ತರರ ತಲೆಯಿಂದ! "ನಿನ್ನ ವಯಸ್ಸಲ್ಲಿ ಮೇಷ್ಟ್ರು ಒಂದು ವರ್ಷ ಹೆಚ್ಚುಕಮ್ಮಿ ಮಾಡಿದಾರೆ" ಎಂದು ಅಪ್ಪ ಹೇಳುತ್ತಿದ್ದರು. ಆಗೆಲ್ಲ ಮಕ್ಕಳನ್ನು ಬೇಗ ಶಾಲೆಗೆ ತಳ್ಳಲು ಒಂದು ವರ್ಷ ಸೇರಿಸುತ್ತಿದ್ದರಲ್ಲವೇ? ಅಂದರೆ ನಾನು ಕಾಗದದಲ್ಲಿರುವುದಕ್ಕಿಂತ ಒಂದು ವರ್ಷ ಚಿಕ್ಕವನು. ಅಂದರೆ ಹೋದ ವರ್ಷದ ಮಾಫಿ ನನಗೆ ಸಲ್ಲತಕ್ಕದ್ದಲ್ಲ. ಅಂದರೆ ನಾನು ವಂಚಕ!

ಇಷ್ಟು ಸಂತೋಷ ನನಗೆ ನಿವೃತ್ತಿಯ ದಿನವೂ ಆಗಿರಲಿಲ್ಲ.

ತೆರಿಗೆ ಕಚೇರಿಗೆ ಪತ್ರ ಬರೆದೆ, ಪತ್ರಿಕೆಯಲ್ಲಿ ತಿದ್ದುಪಡಿ ಹಾಕುವ ಧಾಟಿಯಲ್ಲಿ. 'ಸದರಿ ಅರ್ಜಿಯಲ್ಲಿ ಅರವತ್ತೈದು ಎಂದು ನಮೂದಾಗಿರುವುದನ್ನು ಅರವತ್ತನಾಲ್ಕು ಎಂದು ಓದಿಕೊಳ್ಳತಕ್ಕದ್ದು. ಪ್ರಮಾದಕ್ಕೆ ವಿಷಾದಿಸುತ್ತೇನೆ.' ಜೊತೆಗೆ ಚೆಕ್ಕು. ನಜೀರ್ ಸಾಹೇಬರು ದಂಡ ಕಟ್ಟಿದ್ದಾರೆ, ನಾನೇನು ಕಡಿಮೆ? ಯಾರೂ ಕೇಳದಿದ್ದರೂ ನನಗೆ ನಾನೇ ಒಂದು ದಂಡ ವಿಧಿಸಿ ಅದನ್ನೂ ಸೇರಿಸಿದೆ. ಪದ್ಮಾಳಿಗೆ ಹೇಳಲಿಲ್ಲ. ಅವಳಿಗೆ ವೇದಿಕೆಯಿಂದಲೇ ಗೊತ್ತಾಗಲಿ!

ಎರಡು ವಾರಕ್ಕೆ ಫೋನು ಬಂತು. ಮೃದು ಮಾತಿನ ಹೆಣ್ಣುಮಗಳು. ಇಂಗ್ಲಿಷಿನಲ್ಲಿ ನಡೆದ ಸಂಭಾಷಣೆಯ ಸಾರಾಂಶ ಹೀಗಿದೆ:

"ಸರ್, ನಿಮ್ಮ ಹುಟ್ಟಿದ ತಾರೀಖು ತಪ್ಪು ಎಂದು ಬರೆದಿದ್ದೀರಿ. ಹಾಗಾದರೆ ಪಾಸ್‌ಪೋರ್ಟು ತಪ್ಪೇ?"

"ಇಲ್ಲ, ಪಾಸ್‌ಪೋರ್ಟು ಸರಿ."

"ಹಾಗಾದರೆ ನಿಮ್ಮ ಪತ್ರ ತಪ್ಪೇ?"

"ಪತ್ರವೂ ಸರಿ."

"ಎರಡೂ ಸರಿ, ನಡುವೆ ಒಂದು ವರ್ಷ ವ್ಯತ್ಯಾಸ?"

"ನಮ್ಮ ಕಡೆ ಹಾಗೇ, ಮೇಡಂ."

ಅವರು ಥ್ಯಾಂಕ್ಸ್ ಹೇಳಿ ಫೋನಿಟ್ಟರು. ಆಮೇಲೆ ಕಾಗದವೇ ಬಂತು. ವಯಸ್ಸು ಇತ್ಯರ್ಥವಾಗುವ ತನಕ ಹೋದ ವರ್ಷದ್ದು, ಈ ವರ್ಷದ್ದು ಎರಡೂ ಮಾಫಿಗೆ ತಡೆ. ಹುಟ್ಟಿದ ವರ್ಷ ತೋರಿಸುವ ಮೂಲ ದಾಖಲೆ ಮೂವತ್ತು ದಿನದೊಳಗೆ ಬೇಕು. ದಾಖಲೆ ಬೇರೆ ಭಾಷೆಯಲ್ಲಿದ್ದರೆ, ಅರ್ಜಿದಾರನಲ್ಲದ ಇನ್ನೊಬ್ಬರು ಅನುವಾದಿಸಿ ನೋಟರಿಯ ಮುಂದೆ ಪ್ರಮಾಣ ಮಾಡಬೇಕು.

ಕಾಗದ ಒಡೆದವಳು ಪದ್ಮಾ.

"ಏನ್ರೀ ಇದು?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಶಾಲಿನ ವಿಷಯ ಬಿಟ್ಟು. ಅವಳು ಅದನ್ನು ತಾನೇ ಕಂಡುಹಿಡಿದಳು.

"ಲೈಸೆನ್ಸು, ಪಾಸ್‌ಪೋರ್ಟು, ಪೆನ್ಶನ್ನು, ಎಲ್ಲದರಲ್ಲೂ ಅದೇ ತಾರೀಖಿದೆ. ಶಾಲಿನ ಆಸೆಗೆ ಉಟ್ಟಿರೋ ಪಂಚೆನೂ ಕಳ್ಕೋತೀರಾ?"

"ನಾನು ಪ್ರಾಮಾಣಿಕತೆಯಿಂದ..."

"ಪ್ರಾಮಾಣಿಕತೆ! ಮೊನ್ನೆ ಅವರ ಮನೆ ಗೋಡೆ ದಾಟಿ ಬಂದಿದ್ದ ನಿಂಬೆಹಣ್ಣು ಕಿತ್ಕೊಂಡಿದ್ದು ಯಾರು?"

ಮನೆಯಲ್ಲಿ ಹುಟ್ಟಿದವನಿಗೆ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಇದ್ದದ್ದು ಒಂದೇ, ಪೆಟ್ಟಿಗೆಯ ತಳದಲ್ಲಿದ್ದ ನನ್ನ ಜಾತಕ. ನಮ್ಮ ಮದುವೆಯಲ್ಲೂ ಅದನ್ನು ಬಿಚ್ಚಿರಲಿಲ್ಲ. "ಮನಸ್ಸು ಕೂಡಿದರೆ ಸಾಕು, ಜಾತಕ ಯಾಕೆ?" ಎಂದು ಅಪ್ಪ ದೊಡ್ಡ ಮನಸ್ಸು ಮಾಡಿದ್ದರು. ಅನುವಾದಕ್ಕೆ ಇದ್ದವಳು ಪದ್ಮಾ ಒಬ್ಬಳೇ. ಇನ್ನು ನೋಟರಿ. ಫ್ರೀವೇ ಹಿಡಿದು ಪಾಲೋ ಆಲ್ಟೋವರೆಗೆ ಬೇಕಾದರೂ ಹೋಗಲು ನಾನು ಸಿದ್ಧನಿದ್ದೆ. ಪದ್ಮಾ ಕಾರಿನಲ್ಲಿ ಕೂತು ಒಂದೇ ಮಾತು ಹೇಳಿದಳು: "ನಜೀರಣ್ಣನ ಅಂಗಡಿಗೆ ನಡೀರಿ."

"ಅರೆ, ಬನ್ನಿ ರಾಯ್ರೇ! ಬಾ ತಂಗಿ!" ಸಾಹೇಬರು ಎರಡು ಸ್ಟೂಲು ಎಳೆದು ಹಾಕಿದರು. ಸಮಸ್ಯೆಯನ್ನು ಕೇಳಿ ಕನ್ನಡಕ ಏರಿಸಿದರು. "ತಪ್ಪು ಅಂತ ನೀವಾಗೇ ಬರೆದ್ರಾ? ಯಾರೂ ಕೇಳ್ದೆ?"

"ನೀವೂ ಹಾಗೇ ಮಾಡಿದಿರಲ್ಲ."

"ನಾನಾ? ನನಗೆ ನೋಟೀಸು ಬಂತು ಸ್ವಾಮಿ! ಹೆದರ್ಕೊಂಡು ಕಟ್ಟಿದೆ. ಅವತ್ತು ಸ್ಟೇಜ್ ಮೇಲೆ ಅದನ್ನೇ ಹೇಳೋಕೆ ಹೋದೆ, ಆ ಮೈಕು ಬಿಡ್ಲಿಲ್ಲ. ವರದಿ ಬರೆಯೋಕೆ ನೀವು ಬರ್ತೀರಾ, ಆಗ ಹೇಳೋಣ ಅಂತಿದ್ದೆ. ನೀವು ಬರ್ಲೇ ಇಲ್ಲ."

ಹದಿನೆಂಟು ವರ್ಷ ಡೆಸ್ಕು! ಪಕ್ಕದ ಮನೆಯ ಮನುಷ್ಯನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

ಅಷ್ಟರಲ್ಲಿ ಪದ್ಮಾ ಜಾತಕ ಬಿಡಿಸಿದ್ದಳು. ಓದುತ್ತಾ ಓದುತ್ತಾ ಅವಳ ಹುಬ್ಬು ಮೇಲೇರಿತು.

"ರೀ, ಪಾಸ್‌ಪೋರ್ಟಿನ ಪ್ರಕಾರ ನೀವು ಹುಟ್ಟಿದ್ದು ಯಾವ ಸಂವತ್ಸರ?"

"ವಿಕಾರಿ. ನಿಜವಾಗಿ ಅದರ ಮುಂದಿನದು, ಶಾರ್ವರಿ."

"ಇಲ್ಲಿ ವಿಳಂಬಿ ಅಂತಿದೆ."

ಅವಳು ಬೆರಳು ಮಡಿಸಿದಳು. ವಿಳಂಬಿ, ವಿಕಾರಿ, ಶಾರ್ವರಿ. ವಿಳಂಬಿ ಮುಂಚಿನದು! ಮೇಷ್ಟ್ರು ಒಂದು ವರ್ಷ ಸೇರಿಸಿರಲಿಲ್ಲ, ಕಳೆದಿದ್ದರು. ನಾನು ಕಾಗದಕ್ಕಿಂತ ಚಿಕ್ಕವನಲ್ಲ, ದೊಡ್ಡವನು. ಮಾಫಿ ನನಗೆ ಸಲ್ಲುವುದಷ್ಟೇ ಅಲ್ಲ, ಒಂದು ವರ್ಷ ಮೊದಲೇ ಸಲ್ಲಬೇಕಿತ್ತು. ವಂಚಕನಾಗುವ ಯೋಗವೂ ನನ್ನ ಜಾತಕದಲ್ಲಿರಲಿಲ್ಲ!

ಪದ್ಮಾಳ ಲೆಕ್ಕ ಬೇರೆ ದಿಕ್ಕಿಗೆ ಹೊರಟಿತ್ತು.

"ಹುಡುಗ ಐದೇ ವರ್ಷ ದೊಡ್ಡೋನು ಅಂದಿದ್ರು ನಿಮ್ಮಪ್ಪ. ಈಗ ನೋಡಿದ್ರೆ ಆರು! ಜಾತಕ ಬೇಡ ಅಂದಿದ್ದು ಇದಕ್ಕೇನಾ?"

"ನನಗೇನು ಗೊತ್ತು ಪದ್ಮಾ? ನಾನು ಆಗ ತಾನೇ ಹುಟ್ಟಿದ್ದೆ!"

ನಜೀರ್ ಸಾಹೇಬರು ಜೆರಾಕ್ಸ್ ಯಂತ್ರದ ಕಡೆ ತಿರುಗಿ ನಿಂತರು. ಅವರ ಭುಜ ಕುಲುಕುತ್ತಿತ್ತು. ಆಮೇಲೆ ಮುಖ ಗಂಭೀರ ಮಾಡಿಕೊಂಡು ಬಂದು, ಪದ್ಮಾಳ ಬಲಗೈ ಎತ್ತಿಸಿ, ತನಗೆ ಕನ್ನಡ ಬರುತ್ತದೆಂದೂ ಅನುವಾದ ಸತ್ಯವೆಂದೂ ಪ್ರಮಾಣ ಮಾಡಿಸಿದರು. ಗಂಡನ ವಯಸ್ಸನ್ನು ಅಷ್ಟು ಜೋರಾಗಿ ಸತ್ಯವೆಂದು ಸಾರಿದ ಹೆಂಡತಿ ಈ ಊರಿನಲ್ಲಿ ಇನ್ನೊಬ್ಬಳಿರಲಾರಳು. ಮುದ್ರೆ ಬಿತ್ತು. ಫೀಸು ಎಷ್ಟು ಅಂದರೆ, "ಹಿರಿಯರ ಹತ್ರ ತಗೊಳಲ್ಲ ರಾಯ್ರೇ. ಮೊದಲಿಂದಲೂ ಅಷ್ಟೇ" ಎಂದರು. 'ಹಿರಿಯರ' ಎನ್ನುವಾಗ ಪದ್ಮಾಳ ಕಡೆ ನೋಡಿ ನಕ್ಕರು.

ಮನೆಗೆ ಬರುವಾಗ ದಾರಿಯಲ್ಲಿ ನನಗೊಂದು ದುರ್ಬುದ್ಧಿ ಹೊಳೆಯಿತು. ನೋಟೀಸು ಬಂದ ಮೇಲೆ ಕಟ್ಟಿದ್ದು! ಎಂಥ ಸುದ್ದಿ! ಮುಖಪುಟ!

"ಬರೆದು ನೋಡಿ" ಎಂದಳು ಪದ್ಮಾ, ನಾನು ಬಾಯಿ ತೆರೆಯುವ ಮೊದಲೇ.

ತಿಂಗಳಾದ ಮೇಲೆ ಕಚೇರಿಯಿಂದ ಉತ್ತರ ಬಂತು. ಯಾವ ಲೆಕ್ಕ ಹಿಡಿದರೂ ಅರ್ಜಿದಾರ ಅರ್ಹ. ತಡೆ ತೆರವಾಗಿದೆ. ಚೆಕ್ಕು ವಾಪಸು. ಆ ಕಾಗದವನ್ನು ಮೂರು ಸಲ ಓದಿದೆ, ಕಿಟಕಿಯ ಬೆಳಕಿಗೆ ಹಿಡಿದೂ ಓದಿದೆ. 'ಪ್ರಾಮಾಣಿಕ' ಎಂಬ ಪದ ಎಲ್ಲೂ ಇರಲಿಲ್ಲ.

ಯುಗಾದಿಗೆ ಬಳಗದಲ್ಲಿ ಮತ್ತೆ ಸನ್ಮಾನ. ಹಿರಿಯರಿಗೆ ಉಚಿತ ನೋಟರಿ ಸೇವೆಗಾಗಿ, ನಜೀರ್ ಸಾಹೇಬರಿಗೆ! ಹೆಸರು ಸೂಚಿಸಿದವಳು ಪದ್ಮಾ. ಶಾಲು ಹೊದಿಸಲು 'ಬಳಗದ ಅತ್ಯಂತ ಹಿರಿಯ ಸದಸ್ಯರು' ಬೇಕೆಂದು ನನ್ನನ್ನು ವೇದಿಕೆಗೆ ಕರೆದರು. ವಯಸ್ಸಿಗೆ ನೋಟರಿ ಮುದ್ರೆಯ ದಾಖಲೆಯಿದೆ, ಇಲ್ಲವೆನ್ನುವಂತಿರಲಿಲ್ಲ. ಹೊದಿಸಿದೆ. ಶಾಲು ತುಂಬ ಮೆತ್ತಗಿತ್ತು. ಬಿಡಲು ಮನಸ್ಸಾಗಲಿಲ್ಲ. ಸಾಹೇಬರು ಮೆಲ್ಲಗೆ "ರಾಯ್ರೇ, ಬಿಡಿ" ಎಂದ ಮೇಲೆ ಬಿಟ್ಟೆ.

ಕೆಳಗೆ ಮೊದಲ ಸಾಲಿನಲ್ಲಿ ಪದ್ಮಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗಾಗಿಯೇ. ನಕ್ಕು ನಕ್ಕು ನೀರು ಬಂದಿತ್ತು.

ವರದಿಯನ್ನು ಈ ಸಲ ನ್ಯಾಯವಾಗಿ ಬರೆದೆ. ಸಾಹೇಬರೊಡನೆ ಅರ್ಧ ಗಂಟೆ ಕೂತು, ಕೇಳಿ, ಪೂರ್ತಿ ಇಪ್ಪತ್ತು ಸಾಲು. ಒಂದೇ ಒಂದು ಆಸೆ ಉಳಿದಿತ್ತು. ಶಾಲು ಹೊದಿಸಿದವರ ಹೆಸರು. ಮೇಲೆ ಹಾಕಿಕೊಂಡರೆ ಸಭ್ಯತೆಯಲ್ಲವೆಂದು ವಿನಯದಿಂದ ಕೊನೆಯ ಸಾಲಿನಲ್ಲಿ ಹಾಕಿದೆ.

ಪತ್ರಿಕೆ ಬಂತು. ಹತ್ತೊಂಬತ್ತು ಸಾಲಿತ್ತು. ಅದರ ಕೆಳಗೆ ಮಾವಿನಕಾಯಿ ಗೊಜ್ಜು.

ಗಿರೀಶನಿಗೆ ಫೋನು ಮಾಡಿದೆ.

"ಅಂಕಲ್, ಗೊಜ್ಜಿನ ಒಗ್ಗರಣೆಗೆ ಒಂದು ಸಾಲು ಜಾಗ ಸಾಲ್ಲಿಲ್ಲ" ಎಂದ ಆ ಒಳ್ಳೆಯ ಹುಡುಗ. "ನೀವು ಹೇಳಿಕೊಟ್ಟ ಹಾಗೇ ಮಾಡ್ದೆ. ಕಣ್ಣು ಮುಚ್ಚಿಕೊಂಡು ಕೆಳಗಿನಿಂದ!"