ಬಸ್‌ಸ್ಟಾಪಿನ ಎದುರಿನ ಬೋರ್ಡು

ಮೇಟ್ಟುಪಾಳ್ಯಂ ರಸ್ತೆಯಲ್ಲಿ ನಾಲ್ಕು ವರ್ಷ ಬಿಡದೆ ಏಸುಸ್ವಾಮಿಯ ಪರವಾಗಿ ಮಾತಾಡಿದವರು ಯಾರು ಎಂದು ಕೇಳಿದರೆ ನಾನು ನಮ್ಮ ಸೋದರಮಾವನ ಕಡೆ ಕೈ ತೋರಿಸುತ್ತೇನೆ. ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಚರ್ಚಿನೊಳಗೆ ಕಾಲಿಡದವರು ಯಾರು ಎಂದು ಕೇಳಿದರೂ ಅದೇ ಕಡೆಗೇ ತೋರಿಸಬೇಕಾಗುತ್ತದೆ!

ಹಾಗೆಂದು ಅವರಿಗೆ ಚರ್ಚಿನ ಮೇಲೆ ಹಗೆಯೇನೂ ಇಲ್ಲ. ದೇವಸ್ಥಾನಕ್ಕೂ ಇದೇ ಮರ್ಯಾದೆ. ಅತ್ತೆ ಶನಿವಾರ ತಪ್ಪದೆ ಕಾರಮಡೈಗೆ ಹೋಗಿ ರಂಗನಾಥನ ದರ್ಶನ ಮಾಡುತ್ತಾರೆ. ಮಾವ ಜೊತೆಗೇ ಹೋಗುತ್ತಾರೆ, ಹೊರಗೆ ನಿಂತು ಅತ್ತೆಯ ಚಪ್ಪಲಿ ಕಾಯುತ್ತಾರೆ. ಮದುವೆಯಾದಾಗಿನಿಂದ ಇದೇ ಪದ್ಧತಿ. ಒಳಗೆ ಬರಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಒಳಗೆ ದೇವ್ರು ಅವ್ನೋ ಇಲ್ವೋ ನನಗೆ ಗೊತ್ತಿಲ್ಲ ಕಣಮ್ಮ. ಹೊರಗೆ ಚಪ್ಪಲಿ ಕಳ್ಳ ಅವ್ನೆ, ಅದು ಗ್ಯಾರಂಟಿ" ಅಂದರು.

ನಮ್ಮದು ತಮಿಳು ಸೀಮೆಯ ಪೆರಿಯನಾಯಕನಪಾಳ್ಯದ ನೇಕಾರರ ಮನೆ. ಮಾತೆಲ್ಲ ಕನ್ನಡ, ಓದು ಬರಹ ಎಲ್ಲ ತಮಿಳು. ನಾನು ಕನ್ನಡ ಓದಲು ಕಲಿತದ್ದೇ ಮದುವೆಯಾಗಿ ಚಾಮರಾಜನಗರಕ್ಕೆ ಹೋದ ಮೇಲೆ, ಮಗಳ ಒಂದನೇ ಕ್ಲಾಸಿನ ಪುಸ್ತಕದಲ್ಲಿ. ಮಾವನಿಗೆ ಇವತ್ತಿಗೂ ಕನ್ನಡದ ಒಂದಕ್ಷರ ಬರುವುದಿಲ್ಲ. ತಮಿಳು ಅಕ್ಷರ ಮಾತ್ರ ಅವರ ಕೈಯಲ್ಲಿ ಮಲ್ಲಿಗೆ ಮೊಗ್ಗಿನ ಹಾಗೆ ಸಾಲಾಗಿ ಕೂರುತ್ತಿತ್ತು. ತಾತ ಮಗ್ಗದಲ್ಲಿ ಕೂರಿಸಿದರೆ ಅವರು ಅಲ್ಲಿಂದ ಎದ್ದುಹೋಗಿ ಬೋರ್ಡು ಬರೆಯುವ ಕೆಲಸ ಹಿಡಿದರು. ಮಿಲ್ಲಿನ ಗೋಡೆ, ಗಣಪತಿ ಏರಿಯಾದ ಪಂಪ್ ವರ್ಕ್‌ಶಾಪು, ಲಾರಿಯ ಬೆನ್ನು, ಎಲ್ಲಿ ನೋಡಿದರೂ ಅವರದೇ ಕೈ. ಆಮೇಲೆ ಫ್ಲೆಕ್ಸ್ ಬಂತು. ಗೋಡೆಗಳು ಒಂದೊಂದಾಗಿ ಕೈಬಿಟ್ಟವು. ಕೊನೆಗೆ ಮಾವನ ಪಾಲಿಗೆ ಉಳಿದದ್ದು ಬಸ್‌ಸ್ಟಾಪಿನ ಎದುರು, ಚರ್ಚಿನ ಗೇಟಿನ ಪಕ್ಕದ ಕರೀ ಬೋರ್ಡು ಒಂದೇ.

ಅದು ಸಿಕ್ಕಿದ ಕತೆ ಕೇಳಿ. ಹೊಸದಾಗಿ ಬಂದ ಫಾದರ್ ತೂತ್ತುಕ್ಕುಡಿ ಕಡೆಯವರು, ವಯಸ್ಸಿನಲ್ಲಿ ಮಾವನಿಗಿಂತ ಬಹಳ ಚಿಕ್ಕವರು. ಚರ್ಚಿಗೆ ಬಾರದ ಜನರನ್ನೂ ಒಳಗೆ ಕರೆಯಬೇಕೆಂಬ ಆಸೆ ಅವರಿಗೆ. "ಪಾಪಿಗಳೇ, ಪಶ್ಚಾತ್ತಾಪಪಡಿರಿ" ಎಂದು ದೊಡ್ಡದಾಗಿ ಬರೆಯಬೇಕೆಂದು ಮಾವನನ್ನು ಕರೆಸಿದರು. ಮಾವ ಬ್ರಷ್ಷು ಅದ್ದಲೇ ಇಲ್ಲ.

"ಫಾದರ್, ಎದುರಿಗೆ ನಿಂತಿರೋರು ಯಾರು? ಮಿಲ್ಲಿನ ಬೆಳಗಿನ ಶಿಫ್ಟ್‌ನೋರು. ಇನ್ನೂ ಟೀ ಕುಡಿದಿಲ್ಲ. ಹೊಟ್ಟೆಗಿಲ್ಲದೋರನ್ನ ಪಾಪಿ ಅಂದ್ರೆ ಯಾರು ಒಳಗೆ ಬರ್ತಾರೆ?"

"ಹಾಗಾದ್ರೆ ಏನು ಬರೀತೀರ ಅಣ್ಣಾ?" ಎಂದು ಫಾದರ್ ಕೇಳಿದರು. ಮಾತೆಲ್ಲ ತಮಿಳಿನಲ್ಲೇ ನಡೆದದ್ದು, ನಾನು ನಮ್ಮ ಮನೆಮಾತಿಗೆ ತಂದಿದ್ದೇನೆ.

ಮಾವ ಬರೆದರು: "ಬಸ್ಸು ಇನ್ನೂ ಬಂದಿಲ್ಲವೇ? ಒಳಗೆ ಫ್ಯಾನ್ ಇದೆ."

ಆ ಭಾನುವಾರ ನಾಲ್ಕು ಜನ ಹೊಸಬರು ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪ್ರಾರ್ಥನೆಯ ನಡುವೆ ಬಸ್ಸಿನ ಹಾರನ್ ಕೇಳಿದ್ದೇ ನಾಲ್ಕೂ ಜನ ಎದ್ದು ಓಡಿದರು. ಫಾದರಿಗೆ ಮಾತ್ರ ಖುಷಿಯೋ ಖುಷಿ. ಓಡಿಹೋಗಬೇಕಾದರೆ ಮೊದಲು ಬಂದಿರಲೇಬೇಕಲ್ಲ! ಅಂದಿನಿಂದ ವಾರಕ್ಕೊಂದು ಬೋರ್ಡು ಮಾವನ ಪಾಲಿಗೆ ಬಂತು.

ಬೋರ್ಡು ಹುಟ್ಟುತ್ತಿದ್ದದ್ದು ಅತ್ತೆಯ ಅಡುಗೆಮನೆಯಲ್ಲಿ, ಕನ್ನಡದಲ್ಲಿ. ಶುಕ್ರವಾರ ಮಾವ ಬಾಗಿಲಿಗೆ ಒರಗಿ ಒಂದೊಂದೇ ಸಾಲು ಹೇಳುವರು. ಅತ್ತೆ ನಕ್ಕರೆ ಅದು ರದ್ದು, ಮುಖ ಸಿಂಡರಿಸಿದರೆ ಪಾಸು. ನಗುವ ಮಾತು ನಕ್ಕು ಮರೆತುಹೋಗುತ್ತದೆ, ಸಿಟ್ಟು ತರಿಸಿದ್ದು ವಾರವೆಲ್ಲ ತಲೆಯಲ್ಲಿ ಇರುತ್ತದೆ ಎಂಬುದು ಮಾವನ ಲೆಕ್ಕ. ಒಮ್ಮೆ ಮಾತ್ರ ಅತ್ತೆಗೆ ಹೇಳದೆ ಬರೆದುಬಿಟ್ಟರು: "ಇಲ್ಲಿ ಕ್ಷಮೆ ಸುಲಭವಾಗಿ ಸಿಗುತ್ತದೆ. ಹೆಂಡತಿಯ ಬಳಿ ಕೇಳುವ ಮುನ್ನ ಇಲ್ಲಿ ಅಭ್ಯಾಸ ಮಾಡಿ."

ಅತ್ತೆ ಅದನ್ನು ಬಸ್ಸಿನ ಕಿಟಕಿಯಿಂದ ಓದಿದರು. ಬಸ್ಸಿನಲ್ಲಿದ್ದವರೆಲ್ಲ ನಗುತ್ತಿದ್ದರಂತೆ. ಮನೆಗೆ ಬಂದ ಅತ್ತೆ ಮೂರು ದಿನ, ಮೂರು ಹೊತ್ತೂ ಉಪ್ಪಿಟ್ಟೇ ಮಾಡಿದರು.

"ಏನುಂಗ, ಅಭ್ಯಾಸ ಆಯ್ತಾ?" ಎಂದು ಗಂಡನನ್ನು ಕೇಳಿದ್ದು ನಾಲ್ಕನೆಯ ದಿನ.

ಫಾದರನ್ನಾದರೂ ಬಿಟ್ಟರೇ? "ಉಪದೇಶ ಉದ್ದವಾದರೆ ಫಾದರ್ ಹೊಣೆ, ದೇವರಲ್ಲ" ಎಂದು ಅವರ ಗೇಟಿನಲ್ಲೇ ಬರೆದರು. ಫಾದರ್ ಓದಿ ನಕ್ಕರು. ಮುಂದಿನ ವಾರದಿಂದ ಉಪದೇಶ ಹತ್ತು ನಿಮಿಷ ಕಡಿಮೆಯಾಯಿತು. ಚರ್ಚಿನ ಜನವೆಲ್ಲ ಈ ನಾಸ್ತಿಕನಿಗೆ ಮನಸ್ಸಿನಲ್ಲೇ ಕೈಮುಗಿದರು ಎಂದು ಕೇಳಿದ್ದೇನೆ.

ಇಷ್ಟಾದ ಮೇಲೆ ನಮ್ಮ ಬೀದಿ ಸುಮ್ಮನಿರುತ್ತದೆಯೇ? ಹಿರಿಯರೊಬ್ಬರು ವಿಚಾರಣೆಗೆ ಬಂದರು. ಅತ್ತೆ ಕೊಟ್ಟ ನೀರನ್ನು ಮುಟ್ಟದೆ ಚೊಂಬು ಪಕ್ಕಕ್ಕಿಟ್ಟರು. ನಮ್ಮಲ್ಲಿ ಅದು ಬಹಳ ಗಂಭೀರವಾದ ವಿಷಯ.

"ನೀನು ಆ ಕಡೆ ಸೇರ್ಬುಟ್ಟೆ ಅಂತ ಊರೆಲ್ಲಾ ಮಾತಾಡ್ತದೆ. ಏನಪ್ಪ ಇದು?"

"ಮಾಮಾ, ಹತ್ತು ವರ್ಷ ಆ ಮೂಲವ್ಯಾಧಿ ಡಾಕ್ಟರಿಗೆ ಬೋರ್ಡು ಬರ್ದೆ. ಅವಾಗ ನೀವು ಬಂದು ನಿನಗೆ ಮೂಲವ್ಯಾಧಿನಾ ಅಂತ ಕೇಳಿದ್ರಾ?"

ಹಿರಿಯರು ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡರು. ಚೊಂಬಿನ ನೀರು ಕುಡಿದರು, ಕಾಫಿಯನ್ನೂ ಕುಡಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಬರೋ ವಾರ ಏನು ಬರೀತೀಯ?" ಎಂದು ಮೆಲ್ಲಗೆ ಕೇಳಿದರು.

ಹೀಗೆ ಎಲ್ಲ ಚೆನ್ನಾಗಿರುವಾಗ ಚರ್ಚಿನ ಕಮಿಟಿಯವರಿಗೆ ಎಲ್‌ಇಡಿ ಬೋರ್ಡಿನ ಆಸೆ ಹುಟ್ಟಿತು. ಕೆಂಪು ಅಕ್ಷರ ತಾನಾಗಿ ಓಡುತ್ತದಲ್ಲ, ಅಂಥದ್ದು. "ಓದೋನು ನಿಲ್ಲಬೇಕು, ಅಕ್ಷರ ಓಡಬಾರದು" ಎಂದು ಮಾವ ಗೊಣಗಿದರು. ಫಾದರ್ ಕಮಿಟಿಗೆ ಇವತ್ತು ನಾಳೆ ಎಂದು ಹೇಳುತ್ತಾ ತಳ್ಳಿಕೊಂಡು ಬಂದರು. ಅಷ್ಟರಲ್ಲಿ ಒಂದು ಶನಿವಾರ ಬೋರ್ಡು ಒರೆಸುವಾಗ ಸ್ಟೂಲು ಜಾರಿ ಮಾವ ಕೆಳಗೆ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು.

ಅತ್ತೆಗೆ ಜೊತೆಯಾಗಿರಲೆಂದು ನಾನು ಊರಿಗೆ ಬಂದೆ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಬೆರಳುಗಳು ಬಿಗಿದುಹೋಗಿದ್ದವು. ದಿನವೂ ಅಮುಕಿದರೆ ಕೈ ಮತ್ತೆ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಒಂದು ಸ್ಪಂಜಿನ ಚೆಂಡು ಕೊಟ್ಟರು. ಮಾವ ಅದನ್ನು ಮುಟ್ಟಲೇ ಇಲ್ಲ. ಫಾದರ್ ನೋಡಲು ಬಂದರೆ ಗೋಡೆಗೆ ಮುಖ ಮಾಡಿ ಮಲಗಿದರು.

"ಕೈ ಮುಗೀತು. ಎಲ್‌ಇಡಿನೇ ಹಾಕ್ಕೊಳ್ಳಿ ಅಂತ ಹೇಳ್ಬುಡು" ಅಂದರು ಅತ್ತೆಗೆ. ಊಟಕ್ಕೆ ಕೂತರೆ ಒಂದು ತಮಾಷೆಯಿಲ್ಲ. ಅತ್ತೆ ಬೇಕೆಂದೇ ಉಪ್ಪಿಟ್ಟು ಬಡಿಸಿ ನೋಡಿದರು, ಅದನ್ನೂ ಸುಮ್ಮನೆ ತಿಂದರು. ಆವತ್ತು ನನಗೆ ನಿಜವಾಗಿ ಭಯವಾಯಿತು. ಆ ಕೈಗೆ ಬ್ರಷ್ಷು ಬಾರದೆ ಹೋದರೆ ಈ ಮನುಷ್ಯ ನಮಗೆ ತಿರುಗಿ ಸಿಗುವುದಿಲ್ಲ ಅನ್ನಿಸಿತು.

ಮತ್ತೆ ಆಸ್ಪತ್ರೆಗೆ ತೋರಿಸಬೇಕಾದ ದಿನ ಮೂವರೂ ಬಸ್‌ಸ್ಟಾಪಿಗೆ ಬಂದೆವು. ಮಾವ ಚರ್ಚಿನ ಕಡೆಗೆ ಬೆನ್ನು ತಿರುಗಿಸಿ ನಿಂತರು. ಪಕ್ಕದಲ್ಲಿ ಮಿಲ್ಲಿಗೆ ಹೋಗುವ ಇಬ್ಬರು ಹೆಂಗಸರು ಎದುರಿನ ಬೋರ್ಡನ್ನು ತಡವರಿಸಿಕೊಂಡು ಓದುತ್ತಿದ್ದರು.

"ಅಕ್ಷರ ನಮ್ಮದೇ, ಮಾತೇ ಗೊತ್ತಾಗ್ತಿಲ್ಲ. ತೆಲುಗಾ ಅಕ್ಕಾ?" ಎಂದು ಒಬ್ಬಳು ತಮಿಳಿನಲ್ಲಿ ಕೇಳಿದಳು.

"ಲ್ಯಾಟಿನ್ ಇರಬೇಕು. ಅವರ ಪೂಜೆಯ ಮಂತ್ರ" ಎಂದಳು ಇನ್ನೊಬ್ಬಳು. ಆಮೇಲೆ ಅಕ್ಷರ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು:

"ಅಣ್ಣಾ, ದಿನಾ ಚೆಂಡು ಅಮುಕಿ. ನಿಮ್ಮ ಕೈ ಸರಿಯಾಗೋ ಗಂಟ ಈ ಬೋರ್ಡಿಗೆ ಬೇರೆ ಕೈ ಬ್ಯಾಡ."

ಮಾವ ಗಕ್ಕನೆ ತಿರುಗಿದರು. ಕರೀ ಬೋರ್ಡಿನ ಮೇಲೆ ತಮಿಳು ಅಕ್ಷರದಲ್ಲಿ ನಮ್ಮ ಅಡುಗೆಮನೆಯ ಕನ್ನಡ ನಿಂತಿತ್ತು. ಆ ರಸ್ತೆಯಲ್ಲಿ ಹೋಗುವ ಎಲ್ಲರೂ ಅದನ್ನು ಓದಬಹುದಿತ್ತು, ಅರ್ಥವಾಗುತ್ತಿದ್ದದ್ದು ಮಾತ್ರ ನಮ್ಮ ಬೀದಿಯ ಕೆಲವು ಮನೆಗಳಿಗೆ. ಗೇಟಿನ ಒಳಗೆ ಫಾದರ್ ನಿಂತಿದ್ದರು, ಬಿಳಿಯ ಅಂಗಿಯ ತೋಳಿನ ಮೇಲೆಲ್ಲ ಪೇಂಟು. ಮಾವ ಅತ್ತೆಯನ್ನು ನೋಡಿದರು. ಅತ್ತೆ ಬಸ್ಸು ಬರುವ ದಿಕ್ಕನ್ನೇ ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಯಾರು ಹೇಳಿಕೊಟ್ಟ ಮಾತು ಎಂದು ಮತ್ತೆ ಕೇಳಬೇಕೇ!

ಮಾವ ರಸ್ತೆ ದಾಟಿದರು. ನಾವೂ ಹಿಂದೆಯೇ ಹೋದೆವು. ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರ ನೋಡಿದರು.

"ಅಕ್ಷರ ಎಲ್ಲಾ ಬಸ್ಸು ಹಿಡಿಯಕ್ಕೆ ಓಡ್ತಾ ಅದೆ" ಅಂದರು.

"ಅದಕ್ಕೇ ನೀವು ಬೇಕು ಅಣ್ಣಾ" ಎಂದರು ಫಾದರ್.

ಕಣ್ಣು ತುಂಬಿದ್ದು ಬಸ್‌ಸ್ಟಾಪಿನ ಜನಕ್ಕೆ ಕಾಣಬಾರದೆಂದು ಮಾವ ಅತ್ತಿತ್ತ ನೋಡಿದರು. "ಫಾದರ್, ಒಳಗೆ ನಿಜವಾಗ್ಲೂ ಫ್ಯಾನ್ ಅದೆಯಾ?" ಎಂದು ಕೇಳಿದರು. ಬರೆದು ನಾಲ್ಕು ವರ್ಷವಾಗಿತ್ತು, ಒಮ್ಮೆಯೂ ನೋಡಿರಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಕೈಮುಗಿಯಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ. ಅತ್ತೆ ತಮ್ಮ ಚೀಲದಿಂದ ಚೆಂಡು ತೆಗೆದು ಕೊಟ್ಟು ಕಳಿಸಿದ್ದರು, ಅದನ್ನು ಬಲಗೈಯಲ್ಲಿಟ್ಟುಕೊಂಡು ಹಲ್ಲು ಕಚ್ಚಿ ಅಮುಕತೊಡಗಿದರು.

ಹೊರಗೆ ನಮ್ಮ ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ಮಾವ ಏಳಲಿಲ್ಲ. ಅತ್ತೆಯನ್ನು ಒಳಗೆ ಬನ್ನಿ ಎಂದು ನಾನು ಕರೆದೆ.

"ನೀನು ಹೋಗಿ ಕೂತ್ಕೋ" ಎಂದರು ಅತ್ತೆ. ಮಾವನ ಹಳೆಯ ಚಪ್ಪಲಿಗಳನ್ನು ಜೋಡಿಸಿ ಮೆಟ್ಟಿಲ ಪಕ್ಕಕ್ಕಿಟ್ಟು, ಅವುಗಳ ಹತ್ತಿರವೇ ಕಾವಲು ನಿಂತರು.