ನಮ್ಮ ಹಜಾರದ ಚದುರಂಗ

ಆ ಗುರುವಾರ ಬೆಳಿಗ್ಗೆ ನಮ್ಮ ಯಜಮಾನರು ಎಂದಿನಂತೆ ಕಾಫಿಪುಡಿ ತರಲು ಹೋದರು. ಅಂಗಡಿಯ ಮೆಟ್ಟಿಲ ಮೇಲೆ ಒಂದು ನಿಮಿಷ ಕೂತಿರುತ್ತೇನೆ ಎಂದವರು ಮತ್ತೆ ಏಳಲಿಲ್ಲ. ಇನ್ನು ಈ ಮನೆಯಲ್ಲಿ ನಗು ಬರುವಂಥದ್ದೇನೂ ನಡೆಯದು ಅಂದುಕೊಂಡಿದ್ದೆ. ಆದರೆ ಮಕ್ಕಳು ಬಂದುಹೋಗುವ ಮನೆಯಲ್ಲಿ ಅದು ನಮ್ಮ ಕೈಲಿರುವುದಿಲ್ಲ.

೧. ಹೊಸ ವಿದ್ಯಾರ್ಥಿನಿ

ಅಗ್ರಹಾರದ ನಮ್ಮ ಹಜಾರದಲ್ಲಿ ಅವರು ಪ್ರತಿ ಶನಿವಾರ, ಸ್ಕೂಲು ಬಿಟ್ಟ ಮೇಲೆ, ಬೀದಿಯ ಮಕ್ಕಳಿಗೆ ಚದುರಂಗ ಹೇಳಿಕೊಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಚದುರಂಗದ ಗಂಧಗಾಳಿ ಇಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲಿನ ಶನಿವಾರ ಮಕ್ಕಳು ಬಂದರು. ಇನ್ನು ಕ್ಲಾಸಿಲ್ಲ ಎನ್ನಲು ನಾನು ಮಾತು ಹುಡುಕುವಷ್ಟರಲ್ಲಿ ಒಳಗೆ ಕೂತು ಕಾಯಿ ಜೋಡಿಸಿದ್ದರು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ನಿಮಗೆ ಆಟ ಬರುತ್ತಾ ಎಂದು ಕೇಳಿದಳು. ಇಲ್ಲ ಎಂದೆ.

"ಪರವಾಗಿಲ್ಲ ಮಿಸ್, ನಾವೇ ಹೇಳ್ಕೊಡ್ತೀವಿ. ಗಲಾಟೆ ಮಾತ್ರ ಮಾಡ್ಬಾರ್ದು."

೨. ಯಾರ ಸರದಿ

ಎದುರುಮನೆಯಾಕೆ ಮಗನನ್ನು ಕ್ಲಾಸಿಗೆ ಸೇರಿಸಿದ್ದು ಏಕಾಗ್ರತೆ ಬರಲಿ ಎಂದು. ಒಂದು ಭಾನುವಾರ ದೂರು ತಂದರು.

"ಸ್ನಾನಕ್ಕೆ ಬಾರೋ ಅಂದ್ರೆ, 'ಸುಮ್ನಿರಮ್ಮ, ಈಗ ನನ್ ಟರ್ನು, ಯೋಚನೆ ಮಾಡ್ತಿದೀನಿ' ಅಂತಾನೆ ಕಣ್ರೀ. ಬೆಳಗಿಂದ ಅವನ ಟರ್ನೇ ನಡೀತಿದೆ."

ಏಕಾಗ್ರತೆ ಬಂದಿದೆ ಎಂದೆ.

೩. ವಿಜಯನಗರದ ಪಂದ್ಯ

ತಿಂಗಳೊಳಗೆ ನಾನು ಆ ಮಕ್ಕಳನ್ನೆಲ್ಲ ಸೋಲಿಸತೊಡಗಿದೆ. ಗಣಿತದ ಬಲ ಎಂದು ಒಳಗೊಳಗೇ ಅಂದುಕೊಂಡೆ. ಆದರೂ ನಿನ್ನೆಮೊನ್ನೆ ಕಲಿತವಳು ಕ್ಲಾಸು ನಡೆಸುವುದು ಸರಿಯೆನಿಸಲಿಲ್ಲ. ಅದೂ ಅಲ್ಲದೆ, ಶನಿವಾರಗಳಂದು ಯಜಮಾನರ ಖಾಲಿ ಕುರ್ಚಿ ನೋಡುವುದು ನನಗೆ ಕಷ್ಟವಾಗುತ್ತಿತ್ತು. ವಿಜಯನಗರದಲ್ಲಿ ಗಡಿಯಾರ, ಟ್ರೋಫಿ ಎಲ್ಲ ಇಟ್ಟುಕೊಂಡ ಕೋಚ್ ಒಬ್ಬರಿದ್ದರು. ಮಕ್ಕಳನ್ನು ಅವರಿಗೆ ಒಪ್ಪಿಸಿ ಕ್ಲಾಸು ನಿಲ್ಲಿಸುವುದೆಂದು ತೀರ್ಮಾನಿಸಿದೆ. ನಮ್ಮಲ್ಲಿ ಕಲಿಯುವ ಮಕ್ಕಳ ಜೊತೆ ನಿಮ್ಮವರು ಒಂದೊಂದು ಆಟ ಆಡಲಿ, ಚೆನ್ನಾಗಿ ಆಡಿದರೆ ಸೇರಿಸಿಕೊಳ್ಳುತ್ತೇನೆ ಎಂದರು ಅವರು.

ಕೋಡುಬಳೆ ಡಬ್ಬದೊಂದಿಗೆ ಹೋದೆವು. ಕರಿಯುವುದಷ್ಟೇ ಯಾವಾಗಲೂ ನನ್ನ ಕೆಲಸ, ಹಂಚುವುದು ಮಕ್ಕಳದೇ. ಆಟ ಶುರುವಾಯಿತು. ನಮ್ಮವನೊಬ್ಬ ತನ್ನ ಮಂತ್ರಿಯನ್ನು ತಾನೇ ಎದುರಾಳಿಯ ಕುದುರೆಯ ಬಾಯಿಗಿಟ್ಟ. ಐದನೇ ಕ್ಲಾಸಿನ ಹುಡುಗಿ ರಾಜನನ್ನು ಮಣೆಯ ನಡುವೆ ವಾಕಿಂಗ್ ಕಳಿಸಿದಳು. ನೋಡನೋಡುತ್ತ ನಮ್ಮವರೆಲ್ಲ ಸೋತು, ಓಡಿ ಬಂದು ಡಬ್ಬ ತೆರೆದರು. ಗೆದ್ದ ವಿಜಯನಗರದ ಮಕ್ಕಳು ಏನೂ ತಿಳಿಯದೆ ನೋಡುತ್ತಾ ನಿಂತಿದ್ದರು. ಇವರಿಗೆ ಮೊದಲ ಪಾಠವೂ ಬಾರದು, ಸೇರಿಸಿಕೊಳ್ಳಲಾರೆ ಎಂದರು ಕೋಚ್.

ಏನಿದು ಎಂದು ಹುಡುಗಿಯನ್ನು ಕೇಳಿದೆ. ಅಗಿಯುತ್ತಲೇ ವಿವರಿಸಿದಳು. ಗೆದ್ದವರಿಗೆ ಗೆದ್ದ ಖುಷಿ ಇದ್ದೇ ಇರುತ್ತದೆ, ಆದ್ದರಿಂದ ಅವರಿಗೆ ಒಂದೇ ಕೋಡುಬಳೆ, ಸೋತವರಿಗೆ ಎರಡು. ಅದು ಸರ್ ಮಾಡಿದ ರೂಲು. ಹಾಗಾದರೆ ಸರ್ ಇದ್ದಾಗಲೂ ಹೀಗೇ ಸೋಲುತ್ತಿದ್ದಿರಾ ಎಂದೆ.

"ಇಲ್ಲ ಮಿಸ್. ಬೇಕಂತ ಸೋತ್ರೆ ಸರ್‌ಗೆ ಗೊತ್ತಾಗ್ಬುಡ್ತಿತ್ತು. ನಿಮಗೆ ಗೊತ್ತಾಗಲ್ವಲ್ಲ. ನಿಮ್ಮತ್ರ ಅದಕ್ಕೇ ಪ್ರತಿ ಸಲ ಸೋಲ್ತಿದ್ವಿ."

ಮುಂದಿನ ಶನಿವಾರ ನಮ್ಮ ಹಜಾರಕ್ಕೆ ವಿಜಯನಗರದ ಮೂವರು ಮಕ್ಕಳೂ ಬಂದರು.